ಕಾರಿಗೆ ಕಾರು ತಾಗಿದಾಗ: ಮೊದಲು ಫೋಟೊ, ಮಾತು ಆಮೇಲೆ

ಬೆಂಗಳೂರಿನ ಸಿಲ್ಕ್ ಬೋರ್ಡ್ ಇರಲಿ, ಹೆಬ್ಬಾಳ ಇರಲಿ, ಬಂಪರ್ ತಾಗಿದ ತಕ್ಷಣ ಇಬ್ಬರೂ ಇಳಿದು ಜಗಳಕ್ಕೆ ನಿಲ್ಲುತ್ತಾರೆ. ಹಿಂದಿನವರು ಹಾರ್ನ್ ಹೊಡೆದಾಗ ಗಾಬರಿಯಿಂದ ಗಾಡಿ ಪಕ್ಕಕ್ಕೆ ಹಾಕುತ್ತಾರೆ. ಯಾರು ಯಾರಿಗೆ ಗುದ್ದಿದ್ದು ಅನ್ನೋದಕ್ಕೆ ಆಮೇಲೆ ಸಾಕ್ಷಿಯೇ ಇರುವುದಿಲ್ಲ.

ಮೊದಲು ಇಂಜಿನ್ ಆಫ್ ಮಾಡಿ, ಹಜಾರ್ಡ್ ಲೈಟ್ ಹಾಕಿ, ಯಾರಿಗಾದರೂ ಪೆಟ್ಟಾಗಿದೆಯಾ ನೋಡಿ. ಆಗಿದ್ದರೆ 108ಕ್ಕೆ ಮತ್ತು 112ಕ್ಕೆ ಫೋನ್ ಮಾಡಿ, ಉಳಿದದ್ದೆಲ್ಲ ಆಮೇಲೆ.

ಎರಡನೆಯದು ಫೋಟೊ. ಹೆಚ್ಚಿನವರು ಎಡವುವುದು ಇಲ್ಲೇ. ಡೆಂಟ್ ಒಂದನ್ನೇ ಹತ್ತಿರದಿಂದ ಹತ್ತು ಸಲ ತೆಗೆಯುತ್ತಾರೆ, ಅದು ಮನೆ ಬೇಸ್‌ಮೆಂಟಿನಲ್ಲಿ ಆದದ್ದೂ ಇರಬಹುದು ಅಲ್ವಾ? ಹತ್ತು ಹೆಜ್ಜೆ ಹಿಂದೆ ಹೋಗಿ. ಎರಡೂ ಗಾಡಿ, ರಸ್ತೆಯ ಬಿಳಿ ಗೆರೆ, ಹತ್ತಿರದ ಸಿಗ್ನಲ್ ಕಂಬ ಅಥವಾ ಮೆಟ್ರೋ ಪಿಲ್ಲರ್‌ನ ನಂಬರ್, ಎಲ್ಲ ಒಂದೇ ಚಿತ್ರದಲ್ಲಿ ಬರಲಿ. ಆಮೇಲೆ ಎರಡೂ ನಂಬರ್ ಪ್ಲೇಟ್. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಬಂಪರ್ ಮಟ್ಟದಿಂದ ತೆಗೆಯಿರಿ: ನಿಮ್ಮ ಬಿಳಿ ಬಂಪರ್ ಮೇಲೆ ಅವರ ಕೆಂಪು ಪೇಂಟ್ ಉಜ್ಜಿದ ಗುರುತು, ಚಕ್ರ ಯಾವ ಕಡೆ ತಿರುಗಿದೆ, ನೆಲದ ಮೇಲೆ ಗಾಜಿನ ಚೂರು ಎಲ್ಲಿ ಬಿದ್ದಿದೆ. ಡೆಂಟಿನ ಫೋಟೊ ಕೊನೆಗೆ. ಇಷ್ಟಕ್ಕೆ ಎರಡು ನಿಮಿಷ ಸಾಕು. ಆದರೆ ಗಾಡಿಗಳು ಜೋರಾಗಿ ಬರುವ ಫ್ಲೈಓವರ್ ಮೇಲೆ ಮಾತ್ರ ಇಳಿಯಲೇಬೇಡಿ, ಕೂತಲ್ಲಿಂದಲೇ ಒಂದೆರಡು ತೆಗೆದು, ಮುಂದೆ ಹೋಗಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಡ್ಯಾಶ್‌ಕ್ಯಾಮ್ ಇದ್ದರೆ ಆ ಫೈಲ್ ಲಾಕ್ ಮಾಡಿ, ಇಲ್ಲದಿದ್ದರೆ ಹೊಸ ರೆಕಾರ್ಡಿಂಗ್ ಅದರ ಮೇಲೆ ಕೂರುತ್ತದೆ.

ಈಗ ಎಡಕ್ಕೆ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ. ಹಸಿರು ಅಥವಾ ಗುಲಾಬಿ ನೀರು ಸೋರುತ್ತಿದ್ದರೆ ಅದು ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ. ಓಡಿಸಬೇಡಿ, ಟೋಯಿಂಗ್ ಕರೆಸಿ.

ಇನ್ನೊಂದು ಗಾಡಿಯವರ ಹೆಸರು, ಡಿಎಲ್, ಇನ್ಶೂರೆನ್ಸ್ ವಿವರ ತಗೊಳ್ಳಿ. ಫೋನ್ ನಂಬರಿಗೆ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಿ.

‘ಸಾರ್, ಐನೂರು ಕೊಟ್ಟು ಮುಗಿಸಿಬಿಡ್ತೀನಿ’ ಅಂದರೆ ಒಪ್ಪಬೇಡಿ. ಬಂಪರ್ ಒಳಗಿನ ಕ್ಲಿಪ್ ಮುರಿದಿದ್ದರೆ ಹೊರಗೆ ಕಾಣುವುದೇ ಇಲ್ಲ. ಸಣ್ಣ ಗೀರಾಗಿದ್ದು ಇಬ್ಬರಿಗೂ ಒಪ್ಪಿಗೆಯಿದ್ದರೆ ಚೀಟಿ ಬರೆದು ಸಹಿ ಹಾಕಿಸಿ, ದುಡ್ಡು ಯುಪಿಐನಲ್ಲೇ ಇರಲಿ. ಯಾರಿಗಾದರೂ ಪೆಟ್ಟಾಗಿದ್ದರೆ ರಾಜಿ ಬೇಡವೇ ಬೇಡ. ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ನೇ ಹೇಳುತ್ತದೆ.

ಇನ್ನು ಕ್ಲೇಮ್. ಇನ್ಶೂರೆನ್ಸ್ ಕಂಪನಿಗೆ ಅವತ್ತೇ ತಿಳಿಸಿ, ಅವರು ನೋಡುವ ತನಕ ಗ್ಯಾರೇಜಿನವರು ಬಿಚ್ಚದಿರಲಿ. ಸಿಗ್ನಲ್ ಹತ್ತಿರ ‘ಈಗ್ಲೇ ಡೆಂಟ್ ತೆಗೀತೀನಿ’ ಅಂತ ಬರುವವರಿಗೂ, ಸ್ಕ್ರ್ಯಾಚ್ ಪೆನ್ನಿಗೂ ಸುಮ್ನೆ ದುಡ್ಡು ಸುರಿಯಬೇಡಿ. ಆ ಪೆನ್ನಿನ ಬಣ್ಣ ಬಿಸಿಲಿಗೆ ಬೇರೆಯೇ ಕಾಣುತ್ತದೆ. ಗೀರು ಚಿಕ್ಕದಾದರೆ ಕ್ಲೇಮ್‌ಗಿಂತ ಮೊದಲು ಲೆಕ್ಕ ಹಾಕಿ: ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಶೇ 50ರಷ್ಟು ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಇರುತ್ತದೆ. ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಅದು ಹೋಗುತ್ತದೆ. ಜೀರೋ ಡೆಪ್ (ಭಾಗಗಳ ಸವೆತಕ್ಕೆ ಹಣ ಕಡಿತ ಮಾಡದ ಪಾಲಿಸಿ) ಇಲ್ಲದಿದ್ದರೆ ಪ್ಲಾಸ್ಟಿಕ್ ಬಂಪರಿನ ಅರ್ಧ ಬೆಲೆ ಹೇಗೂ ನಿಮ್ಮದೇ. ಟಿಂಕರಿಂಗ್, ಪೇಂಟಿಂಗ್ ಬಿಲ್ ಬೋನಸ್‌ಗಿಂತ ಕಡಿಮೆ ಬಂದರೆ ಕೈಯಿಂದಲೇ ಕೊಟ್ಟುಬಿಡಿ.