ಎರಡು ಸೆಂಟಿಮೀಟರ್ ತಗಡು, ಅರ್ಧ ಮೀಟರ್ ಸರಪಳಿ: ಕಾಡಿನ ಎಣಿಕೆಯಲ್ಲಿ ನನ್ನ ಅನುಭವ

ಕಾಡಿನಲ್ಲಿ ಒಂದು ಪಾಯಿಂಟಿನಲ್ಲಿ ನಿಂತು, ಕಣ್ಣಿನ ಮುಂದೆ ಸಣ್ಣ ತಗಡು ಹಿಡಿದು ಒಂದು ಸುತ್ತು ತಿರುಗಿ, ತಗಡಿಗಿಂತ ಅಗಲ ಕಾಣುವ ಮರಗಳನ್ನಷ್ಟೇ ಎಣಿಸುವುದು ನನ್ನ ಕ್ರಮ. "ಕಣ್ಣಳತೆಯ ಲೆಕ್ಕ, ಯಾರು ಒಪ್ಪುತ್ತಾರೆ?" ಎಂದವರೇ ಹೆಚ್ಚು. ಅದೇ ಕಾಡಿನಲ್ಲಿ 12.62 ಮೀಟರ್ ತ್ರಿಜ್ಯದ ವೃತ್ತದ ಪ್ಲಾಟು ಹಾಕಿ, ಒಳಗಿನ ಮರಗಳನ್ನೆಲ್ಲ ಅಳೆದು ತಾಳೆ ನೋಡಿದರೆ ಬೇಸಲ್ ಏರಿಯಾದ (ಒಂದು ಹೆಕ್ಟೇರಿನ ಮರಗಳ ಕಾಂಡಗಳ ಎದೆಮಟ್ಟದ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ) ವ್ಯತ್ಯಾಸ ಸ್ಯಾಂಪಲಿಂಗ್ ದೋಷದೊಳಗೇ ಇತ್ತು. ಮೂವರ ಕೆಲಸಕ್ಕೆ ಇಬ್ಬರು ಸಾಕಾದರು, ಕೂಲಿ ಅಷ್ಟು ಉಳಿಯಿತು. ಆಸ್ಟ್ರಿಯಾದ ಅರಣ್ಯ ತಜ್ಞ ಬಿಟರ್ಲಿಶ್ 1948ರಲ್ಲೇ ತೋರಿಸಿಕೊಟ್ಟ ಲೆಕ್ಕ ಇದು, ಹೊಸದೇನಲ್ಲ. ಕೆಡುವುದು ಸಲಕರಣೆಯಲ್ಲಿ.

ಗೇಜಿಗೆ 2 ಸೆಂ.ಮೀ. ಅಗಲದ ಅಲ್ಯೂಮಿನಿಯಂ ತಗಡು, 50 ಸೆಂ.ಮೀ. ಮಣಿಸರಪಳಿ. ಫ್ಯಾಕ್ಟರ್ 4, ಅಂದರೆ ಎಣಿಸಿದ ಒಂದೊಂದು ಮರಕ್ಕೂ ಹೆಕ್ಟೇರಿಗೆ 4 ಚದರ ಮೀಟರ್ ಬೇಸಲ್ ಏರಿಯಾ. ನೈಲಾನ್ ದಾರ ಬೇಡವೇ ಬೇಡ, ಒದ್ದೆಯಾದರೆ ಎಳೆದಷ್ಟೂ ಉದ್ದವಾಗುತ್ತದೆ. ಸರಪಳಿಯ ತುದಿ ಕಣ್ಣಿನ ಪಕ್ಕದ ಮೂಳೆಗೆ ತಾಗಿರಬೇಕು. ಹಲ್ಲಲ್ಲಿ ಕಚ್ಚಿ ಹಿಡಿಯುವವರಿದ್ದಾರೆ, ಆಗ ಕಣ್ಣಿನಿಂದ ತಗಡಿಗೆ ಇರುವ ದೂರವೇ ಬೇರೆ. 50 ಇರಬೇಕಾದದ್ದು 53 ಆದರೆ ಫ್ಯಾಕ್ಟರ್ 3.56ಕ್ಕೆ ಇಳಿಯುತ್ತದೆ. ಶೇ. 11 ಅಲ್ಲೇ ಹೋಯಿತು, ವರದಿ ಬರೆಯುವವರಿಗೆ ಗೊತ್ತೂ ಆಗುವುದಿಲ್ಲ. ಪರೀಕ್ಷೆ ಸುಲಭ: 30 ಸೆಂ.ಮೀ. ಅಗಲದ ಹಲಗೆಯನ್ನು ಗೋಡೆಗೆ ನಿಲ್ಲಿಸಿ ಹಿಂದೆ ಸರಿಯಿರಿ. ತಗಡು ಹಲಗೆಯನ್ನು ಸರಿಯಾಗಿ ಮುಚ್ಚುವ ಜಾಗ 7.5 ಮೀಟರಿನಲ್ಲಿ ಬರಬೇಕು. ಬರದಿದ್ದರೆ ಸರಪಳಿಯ ಮಣಿ ಕಳೆಯಿರಿ, ಇಲ್ಲವೇ ಸೇರಿಸಿ. ಕಣ್ಣು ಬದಲಾದರೆ ಪರೀಕ್ಷೆಯೂ ಮತ್ತೆ ಮೊದಲಿಂದ.

ಪಾಯಿಂಟಿನ ನೇರ ಮೇಲೆ ಇರಬೇಕಾದದ್ದು ಕಣ್ಣು, ತಗಡಲ್ಲ. ತಗಡಿನ ಬದಲು ಗಾಜಿನ ಪ್ರಿಸಮ್ ಬಳಸುವವರಿಗೆ ಇದು ಉಲ್ಟಾ. ತಗಡಿನಷ್ಟೇ ಅಗಲ ಕಾಣುವ ಅನುಮಾನದ ಮರವನ್ನು "ಒಂದು ಬಿಟ್ಟು ಒಂದು" ಎಂದು ಎಣಿಸುವ ಚಾಳಿ ನನಗೆ ಸೇರದು, ಟೇಪು ಹಿಡಿಯಿರಿ. ಎದೆಮಟ್ಟದ ವ್ಯಾಸದ 25 ಪಟ್ಟು ದೂರದೊಳಗಿದ್ದರೆ ಒಳಗೆ: 40 ಸೆಂ.ಮೀ. ಮರಕ್ಕೆ 10 ಮೀಟರ್. ದೂರ ಅಳೆಯಬೇಕಾದದ್ದು ಕಾಂಡದ ನಡುವಿಗೆ, ಸಿಪ್ಪೆಗಲ್ಲ. ಇಳಿಜಾರಿನಲ್ಲಿ ಟೇಪು ಮಟ್ಟಸವಾಗಿರಲಿ. ಮುಂದಿನ ಮರದ ಮರೆಯಲ್ಲಿರುವುದನ್ನು ನೋಡಲು ಪಕ್ಕಕ್ಕೆ ಸರಿಯಿರಿ, ಮರದಿಂದ ದೂರ ಬದಲಾಗಬಾರದು. ಕಾಡಿನ ಗಡಿಯಲ್ಲಿ ಪಾಯಿಂಟಿನಿಂದ ಮರದವರೆಗೆ ನಡೆದು ಅಷ್ಟೇ ದೂರ ಮುಂದೆ ಹೋಗಿ. ಗಡಿ ದಾಟಿದರೆ ಆ ಮರ ಎರಡು ಎಂದು ಬರೆಯಿರಿ. ಮರವನ್ನು ಬಿಟ್ಟುಬಿಡುವ ತಪ್ಪು ಹೆಚ್ಚಾಗುವುದು ಸುತ್ತು ಮುಗಿಯುವ ಹೊತ್ತಿಗೆ. ಅದನ್ನು ಹಿಡಿಯಲು ಒಂದು ಉಪಾಯವಿದೆ, ಅದು ನನ್ನ ತಂಡದೊಳಗೇ ಇರಲಿ.

ದುಡ್ಡು ಕರಗುವುದು ಎತ್ತರ ಅಳೆಯುವುದರಲ್ಲಿ. ಅದಕ್ಕೆ ಇನ್ನೊಂದು ತಗಡು, 4 ಸೆಂ.ಮೀ. ಅಗಲದ್ದು, ಅದೇ ಸರಪಳಿಗೆ. ಫ್ಯಾಕ್ಟರ್ 16 ಆಗುತ್ತದೆ. ಎಣಿಕೆ ಸಣ್ಣದರಲ್ಲಿ, ವ್ಯಾಸ, ಎತ್ತರ ಮಾತ್ರ ದೊಡ್ಡದರಲ್ಲಿ ಸಿಕ್ಕ ಮರಗಳಿಗೆ, ಸರಿಸುಮಾರು ನಾಲ್ಕಕ್ಕೊಂದು. ಸರಪಳಿಯನ್ನೇ 25ಕ್ಕೆ ಮಡಿಚಿ ನೋಡಿದ್ದೂ ಆಯಿತು: ಲೆಕ್ಕ ಸರಿ, ಆದರೆ ಅಷ್ಟು ಹತ್ತಿರದ ತಗಡಿನ ಅಂಚು ಮಸುಕು.

ಲೇಸರ್ ರೇಂಜ್‌ಫೈಂಡರ್ ಪೊದೆಯಲ್ಲಿ ಎಲೆಗೆ ಬಡಿದು ಹತ್ತಿರದ ದೂರವನ್ನೇ ಹೇಳುತ್ತದೆ. ಫೋನಿನ ಜಿಪಿಎಸ್ ದಟ್ಟ ನೆರಳಿನಲ್ಲಿ ಅತ್ತಿತ್ತ ಓಡಾಡುತ್ತದೆ, ಪಾಯಿಂಟು ತಲುಪಲು ಸಾಕು, ಗಡಿಯ ಮರಕ್ಕೆ ಸಾಲದು. ಪಾಯಿಂಟಿಗೆ 5ರಿಂದ 10 ಮರ ಸಿಗುವಂತೆ ಫ್ಯಾಕ್ಟರ್ ಆರಿಸಿ. ವ್ಯತ್ಯಾಸದ ಗುಣಾಂಕ (ಎಣಿಕೆ ಪಾಯಿಂಟಿನಿಂದ ಪಾಯಿಂಟಿಗೆ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಶೇ. 40 ಇದ್ದು ಶೇ. 10ರ ದೋಷ ಒಪ್ಪಿಗೆಯಾದರೆ 64 ಪಾಯಿಂಟು ಸಾಕು. ಶೇ. 5 ಕೇಳಿದರೆ 256, ಕೂಲಿಯ ಲೆಕ್ಕವನ್ನೂ ಆಗಲೇ ಮುಂದಿಡಿ.