ಈಗ ಕೈಲಿರೋ ಪುಸ್ತಕ ಯಾವ್ದು, ಎಲ್ಲಿಗೆ ಬಂತು?

ಪ್ರತಿ ಭಾನುವಾರ ರಾತ್ರಿ ಊಟ ಆದ್ಮೇಲೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ನಾನೊಂದು ಮೆಸೇಜ್ ಹಾಕ್ತೀನಿ, ಈಗ ಕೈಲಿರೋ ಪುಸ್ತಕ ಯಾವ್ದು, ಎಲ್ಲಿಗೆ ಬಂತು, ಅಷ್ಟೇ. ಮುಗಿಸಿದ್ದು ಬೇಡ, ಮುಂದೆ ಓದ್ಬೇಕು ಅನ್ಕೊಂಡಿರೋದು ಬೇಡ, ಸಾಯೋದ್ರೊಳಗೆ ಓದಲೇಬೇಕಾದ ಪುಸ್ತಕಗಳ ಲಿಸ್ಟ್ ಅಂತೂ ಬೇಡ್ವೇ ಬೇಡ. ಗ್ರೂಪಲ್ಲಿರೋರು ನಮ್ಮ ಬೀದಿಯವ್ರು, ಕಾಲೇಜಲ್ಲಿ ಜೊತೆಗಿದ್ದೋರು, ಒಂದಿಬ್ರು ನೆಂಟ್ರು, ಅಮೆರಿಕದಲ್ಲಿರೋ ನಮ್ಮ ಚಿಕ್ಕಮ್ಮ. ಬೇರೆ ಬೇರೆ ಕಡೆಯವ್ರು ಕೇಳ್ತಾನೇ ಇರ್ತಾರೆ, ನಾವೂ ಹಿಂಗೇ ಶುರು ಮಾಡಿದ್ವಿ, ನೋಡ್ತಾ ನೋಡ್ತಾ ಗುಡ್ ಮಾರ್ನಿಂಗ್ ಗ್ರೂಪ್ ಆಗೋಯ್ತು, ನಿಮ್ದು ಹೆಂಗೆ ನಡೀತಿದೆ ಅಂತ. ಅದಕ್ಕೆ ಬರೀತಿದೀನಿ.

ಐಡಿಯಾ ಪೂರ್ತಿ ನಂದಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಲ್ಲಿ ಶನಿವಾರ ಬೆಳಗ್ಗೆ ಜನ ಚಾಪೆ ಹಾಸ್ಕೊಂಡು ಅವರವರ ಪಾಡಿಗೆ ಓದ್ತಾ ಕೂರ್ತಾರಲ್ಲ, ಕಬ್ಬನ್ ರೀಡ್ಸ್, 2023ರಿಂದ ಜೋರಾಗಿದ್ದು, ಅಲ್ಲಿ ನನಗೆ ಇಷ್ಟ ಆಗಿದ್ದು ಏನಂದ್ರೆ ಭಾಷಣ ಇಲ್ಲ, ಪರಿಚಯ ಮಾಡ್ಕೊಳ್ಳಿ ಅನ್ನೋ ಕಾಟ ಇಲ್ಲ, ಕೊನೇಲಿ ಎಲ್ಲರ ಪುಸ್ತಕಾನೂ ನೆಲದ ಮೇಲೆ ಜೋಡಿಸಿ ಒಂದು ಫೋಟೋ ತೆಗೀತಾರೆ. ಅವತ್ತು ಆ ಜಾಗದಲ್ಲಿ ನಿಜವಾಗ್ಲೂ ಯಾರ ಕೈಲಿ ಏನಿತ್ತು ಅನ್ನೋ ಫೋಟೋ. ನಾನು ಅದನ್ನ ಝೂಮ್ ಮಾಡಿ ಮಾಡಿ ಕನ್ನಡ ಪುಸ್ತಕ ಎಷ್ಟಿದೆ ಅಂತ ಹುಡುಕ್ತಿದ್ದೆ (ಇರುತ್ತೆ, ಆದ್ರೆ ಹುಡುಕ್ಬೇಕು). ನಮ್ಮೋರು ಎಲ್ಲಾ ಒಂದ್ಕಡೆ ಸೇರೋದು ಮದುವೆ ಮುಂಜಿಗೆ ಮಾತ್ರ ಆದ್ರಿಂದ ಫೋನಲ್ಲೇ ಮಾಡೋಣ ಅನ್ನಿಸ್ತು.

ಈಗ "ಎಲ್ಲಿಗೆ ಬಂತು" ಅನ್ನೋ ಪ್ರಶ್ನೆ ವಿಷಯ, ಇಡೀ ಗ್ರೂಪ್ ನಿಂತಿರೋದೇ ಅದರ ಮೇಲೆ. ಏನ್ ಓದ್ತಿದೀರಾ ಅಂತ ಮಾತ್ರ ಕೇಳಿ ನೋಡಿ, ಎಲ್ಲರೂ ಶೋಕೇಸಲ್ಲಿರೋ ದೊಡ್ಡ ಪುಸ್ತಕದ ಹೆಸರು ಹೇಳ್ತಾರೆ, ಮುಂದೆ ಮಾತೇ ಇರಲ್ಲ, ಎರಡು ಕೈ ಮುಗಿದಿರೋ ಇಮೋಜಿ ಬಿದ್ದು ಮುಗೀತು. ಎಲ್ಲಿದೀರಾ ಅಂತ ಕೇಳಿದ್ರೆ ಮಾತು ನೆಲಕ್ಕೆ ಇಳಿಯುತ್ತೆ. ನಮ್ಮ ಬೀದಿ ಕೊನೇಲಿ ಒಬ್ರು ಅಂಕಲ್ ಇದಾರೆ, ಕೆಎಸ್ಆರ್‌ಟಿಸಿ ಕಂಡಕ್ಟರ್ ಆಗಿ ರಿಟೈರ್ ಆದೋರು, ಮಲೆಗಳಲ್ಲಿ ಮದುಮಗಳು ಹಿಡಿದಿದ್ರು. ವಾರ ವಾರ ಅವರ ಮೆಸೇಜ್ ಬರೋದು, "ಗುತ್ತಿ ಇನ್ನೂ ನಡೀತಾ ಇದಾನೆ, ಹುಲಿಯನೂ ಜೊತೆಗಿದೆ". ಗುತ್ತಿ ಆ ಕಾದಂಬರೀಲಿ ಬರೋ ಪಾತ್ರ, ಹುಲಿಯ ಅಂದ್ರೆ ಅವನ ನಾಯಿ. ಅದನ್ನ ನೋಡಿದ್ದೇ ತಡ, ಒಬ್ಬೊಬ್ರಾಗಿ ಬಾಯಿ ಬಿಟ್ರು, ಅಂಕಲ್ ನಾನೂ ಅಲ್ಲೇ ನಿಲ್ಸಿದ್ದು, ನಂಗೆ ಯಾರು ಯಾವ ಮನೆಯವ್ರು ಅಂತಾನೇ ಗೊತ್ತಾಗ್ಲಿಲ್ಲ, ಅಂತೆಲ್ಲಾ. ಅಂಕಲ್ ಮಾರನೇ ದಿನ ಒಂದು ಫೋಟೋ ಹಾಕಿದ್ರು. ಹಳೇ ಕ್ಯಾಲೆಂಡರ್ ಹಾಳೆ ಹಿಂದುಗಡೆ ನಾಲ್ಕು ಕಾಲಂ ಎಳೆದು, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ ಅಂತ ಮೇಲೆ ಬರೆದು, ಕೆಳಗೆ ಆಯಾ ಮನೆ ಒಡೆಯರು, ಹೆಂಗಸ್ರು, ಆಳುಗಳು, ಯಾರು ಯಾರ ಹಿಂದೆ ಓಡಿ ಹೋಗೋಕೆ ನೋಡ್ತಿದಾರೆ ಅನ್ನೋದಕ್ಕೆ ಕೆಂಪು ಪೆನ್ನಲ್ಲಿ ಬಾಣದ ಗುರುತು. ಕಂಡಕ್ಟರ್ ಟ್ರಿಪ್ ಶೀಟ್ ಬರೆದಷ್ಟು ನೀಟಾಗಿ. ಆ ಹಾಳೆ ಇಟ್ಕೊಂಡು ಬಿಟ್ಟೋರೆಲ್ಲಾ ಮತ್ತೆ ಮೊದಲಿಂದ ಶುರು ಮಾಡಿದ್ರು. ಚೆನ್ನಾಗಿದೆ ಓದಿ ಅಂತ ನೂರು ಜನ ಹೇಳಿದ್ರೂ ಇದಾಗ್ತಿರ್ಲಿಲ್ಲ.

ಪುಟದ ನಂಬರ್ ಕೇಳೋದು ನಾವು ಆಮೇಲೆ ಬಿಟ್ವಿ, ಯಾಕಂದ್ರೆ ಒಂದೇ ಪುಸ್ತಕದ ಒಂದೊಂದು ಮುದ್ರಣಕ್ಕೂ ಪುಟ ಬೇರೆ ಆಗುತ್ತೆ, ಚಿಕ್ಕಮ್ಮ ಇಬುಕ್ಕಲ್ಲಿ ಓದ್ತಾರೆ ಅಲ್ಲಿ ಅಕ್ಷರ ದೊಡ್ಡದು ಮಾಡಿದ್ರೆ ಪುಟಾನೇ ಬದಲಾಗೋಗುತ್ತೆ. ಅಧ್ಯಾಯ ಹೇಳಿ, ಇಲ್ಲಾ ಕಥೇಲಿ ಈಗ ಏನ್ ನಡೀತಿದೆ ಒಂದು ಸಾಲಲ್ಲಿ ಹೇಳಿ. ಕಥೆ ಮುಂದಕ್ಕೆ ಹೇಳ್ಬಾರ್ದು, ಇದು ರೂಲು. ಒಂದ್ಸಲ ಮಹಾಭಾರತದ ಕಥೆ ಇರೋ ಭೈರಪ್ಪನವ್ರ ಪರ್ವ ಓದ್ತಿದ್ದೋರು ಒಬ್ರು ಯುದ್ಧದಲ್ಲಿ ಕರ್ಣ ಸತ್ತ ಅಂದಿದ್ದಕ್ಕೆ ನನ್ನ ತಂಗಿ ಸ್ಪಾಯ್ಲರ್ ಸ್ಪಾಯ್ಲರ್ ಅಂತ ಕಿರುಚಿ ಒಂದು ವಾರ ನಗು. ಆದ್ರೆ ಯೋಚ್ನೆ ಮಾಡಿದ್ರೆ ತಂಗಿ ಹೇಳಿದ್ದೂ ಸರಿನೇ, ಆ ಪುಸ್ತಕದಲ್ಲಿ ವರ ಶಾಪ ಪವಾಡ ಯಾವ್ದೂ ಇಲ್ದೆ ಎಲ್ಲಾ ಮನುಷ್ಯರ ಲೆವೆಲ್ಲಲ್ಲೇ ನಡೆಯೋದ್ರಿಂದ ಗೊತ್ತಿರೋ ಕಥೇನೂ ಹೇಗಾಯ್ತು ಅನ್ನೋದಕ್ಕೇ ಓದ್ಬೇಕು.

ಇನ್ನೊಂದು ಕೆಲಸಕ್ಕೆ ಬಂದಿದ್ದು ಅಂದ್ರೆ ಕವರ್ ಫೋಟೋ ಜೊತೆಗೆ ಒಳಗಿನ ಪುಟದ್ದೂ ಒಂದು ಫೋಟೋ, ಶೀರ್ಷಿಕೆ ಪುಟದ ಹಿಂದೆ ಪ್ರಕಾಶಕರ ಹೆಸರು, ಎಷ್ಟನೇ ಮುದ್ರಣ, ಬೆಲೆ ಎಲ್ಲಾ ಇರುತ್ತಲ್ಲ ಅದು. ಕನ್ನಡದಲ್ಲಿ ಪುಸ್ತಕದ ಹೆಸರು ಗೊತ್ತಾದ ತಕ್ಷಣ ಪುಸ್ತಕ ಸಿಗಲ್ಲ ಸ್ವಾಮಿ. ಒಂದೇ ಪುಸ್ತಕವನ್ನ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆಯವ್ರು ಹಾಕಿರ್ತಾರೆ, ಪ್ರತಿ ಮುಗಿದಿರುತ್ತೆ. ಆ ಪುಟದಲ್ಲಿ ಎಷ್ಟೋ ಸಲ ಫೋನ್ ನಂಬರೂ ಇರುತ್ತೆ, ಸೀದಾ ಫೋನ್ ಮಾಡಿದ್ರೆ ಪ್ರಕಾಶಕರೇ ಎತ್ತಿ ಇದೆ ಇಲ್ಲ ಹೇಳಿ, ಅಡ್ರೆಸ್ ತಗೊಂಡು ಕಳಿಸ್ತಾರೆ. ಅದೇ ಕಾರಣಕ್ಕೆ ಪಿಡಿಎಫ್ ಹಾಕಿದ್ರೆ ನಾನು ತಕ್ಷಣ ಡಿಲೀಟ್ ಮಾಡ್ತೀನಿ, ಸ್ವಲ್ಪ ಜನ ಬೇಜಾರೂ ಮಾಡ್ಕೊಂಡಿದಾರೆ, ಮಾಡ್ಕೊಳ್ಳಲಿ. ಸಾವಿರ ಪ್ರತಿ ಹಾಕಿ ಅದನ್ನ ಮಾರೋಕೆ ವರ್ಷಗಟ್ಲೆ ಒದ್ದಾಡೋರ ಹೊಟ್ಟೆ ಮೇಲೆ ಹೊಡೆಯೋ ಕೆಲಸ ಅದು.

ಓದಿದ ಪುಸ್ತಕಗಳ ಲೆಕ್ಕ ಇಡೋ ವೆಬ್‌ಸೈಟ್ ಗುಡ್‌ರೀಡ್ಸಲ್ಲಿ ಮಾಡಿ ಅಂತ ನನ್ನ ತಂಗಿ ಗೋಳು ಹೊಯ್ಕೊಂಡ್ಳು, ಅಲ್ಲಿ ಕರೆಂಟ್ಲಿ ರೀಡಿಂಗ್ ಅಂತ ಶೆಲ್ಫೇ ಇದೆ ಅಂತ. ಹೊಸ ಪುಸ್ತಕಕ್ಕೆ ಪರ್ವಾಗಿಲ್ಲ, ಆದ್ರೆ ಅಂಕಲ್ ಹತ್ರ ಇರೋ ಹಳೇ ಪುಸ್ತಕಗಳಿಗೆ ಐಎಸ್‌ಬಿಎನ್ನೇ (ಪುಸ್ತಕದ ಗುರುತಿನ ನಂಬರ್) ಇಲ್ಲ, ಹುಡುಕಿದ್ರೆ ಒಂದೊಂದು ಸಲ ಸಿಗೋದೇ ಇಲ್ಲ, ಸಿಕ್ಕಿದ್ರೆ ಇಂಗ್ಲಿಷ್ ಲಿಪೀಲಿ ಒಂದು, ಕನ್ನಡದಲ್ಲಿ ಒಂದು. ಜೊತೆಗೆ ವರ್ಷಕ್ಕಿಷ್ಟು ಓದ್ತೀನಿ ಅನ್ನೋ ಚಾಲೆಂಜ್ ಬೇರೆ. ಲೆಕ್ಕ ಶುರುವಾದ್ರೆ ಜನ ತೆಳ್ಳಗಿರೋ ಪುಸ್ತಕಾನೇ ಹುಡುಕ್ತಾರೆ. ನಮ್ಮ ಗ್ರೂಪಲ್ಲಿ ಒಬ್ರು ಮೇಡಂ ಶುರುವಿಂದಾನೂ ಹಾಕ್ತಿರೋದು ಒಂದೇ ಹೆಸರು, ಮಂಕುತಿಮ್ಮನ ಕಗ್ಗ, ಪದ್ಯದ ನಂಬರ್ ಮಾತ್ರ ಬದಲಾಗ್ತಿರುತ್ತೆ. 945 ಪದ್ಯ. ಎಷ್ಟೋ ಸಲ ಹಿಂದಕ್ಕೂ ಹೋಗ್ತಾರೆ. ಅವ್ರಿಗೆ ಯಾವ ಚಾಲೆಂಜ್ ಕೊಡ್ತೀರಾ?

ಸುದ್ದಿ ಬಂದಾಗ ಲಿಸ್ಟ್ ಬದಲಾಗೋದು ನೋಡೋಕೆ ಮಜಾ. 2025ರ ಮೇನಲ್ಲಿ ಬಾನು ಮುಷ್ತಾಕ್ ಅವ್ರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಗ್ರೂಪಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, ಬಹುಮಾನ ಬಂದ ಇಂಗ್ಲಿಷ್ ಪುಸ್ತಕ ಹಾರ್ಟ್ ಲ್ಯಾಂಪ್‌ನ ಮೂಲ ಕನ್ನಡ ಪುಸ್ತಕ ಯಾವ್ದು. ಅದು ಒಂದು ಪುಸ್ತಕದ ಅನುವಾದ ಅಲ್ಲ, 1990ರಿಂದ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಬರೆದ ಕಥೆಗಳಿಂದ ದೀಪಾ ಭಾಸ್ತಿ ಆರಿಸಿ ಇಂಗ್ಲಿಷಿಗೆ ಮಾಡಿದ 12 ಕಥೆ ಅಂತ ಹೇಳಿ ಹೇಳಿ ಸಾಕಾಗಿ, ಕೊನೆಗೆ ಒಬ್ಬ ಫ್ರೆಂಡ್ ಬಾನು ಅವ್ರದ್ದೇ ಹಸೀನಾ ಮತ್ತು ಇತರ ಕಥೆಗಳು ಹುಡುಕಿ ತಂದ, ಅದು ಮನೆಯಿಂದ ಮನೆಗೆ ತಿರುಗ್ತು. ಅದೇ ವರ್ಷ ಸೆಪ್ಟೆಂಬರಲ್ಲಿ ಭೈರಪ್ಪನವ್ರು ತೀರ್ಕೊಂಡಾಗ ಅರ್ಧಕ್ಕರ್ಧ ಜನ ಅವರ ಪುಸ್ತಕ ಎತ್ಕೊಂಡ್ರು, ಜಗಳಾನೂ ಆಯ್ತು, ಆಗ್ಲೂ ನಾನು ಕೇಳಿದ್ದು ಒಂದೇ, ಎಲ್ಲಿಗೆ ಬಂತು? ಪುಸ್ತಕ ತೆಗೆದೇ ಇಲ್ದೋರು ಸುಮ್ನಾದ್ರು.

ಬಿಟ್ಬಿಟ್ಟೆ ಅಂತ ಹೇಳೋಕೂ ಜಾಗ ಇರ್ಬೇಕು. ಯಾಕೆ ಅಂತ ನಾವು ಕೇಳಲ್ಲ. ಈ ವಾರ ಏನೂ ಓದಿಲ್ಲ, ಮಗು ಹುಷಾರಿಲ್ಲ, ಮಾರ್ಚ್ ಕ್ಲೋಸಿಂಗ್, ಅದೂ ನಡೆಯುತ್ತೆ.

ಈಗ ನಡೀತಿರೋ ತಕರಾರು ಅಂದ್ರೆ ಆಡಿಯೋ ಬುಕ್. ಒಬ್ಳು ನರ್ಸ್ ಇದಾಳೆ, ಡ್ಯೂಟಿಗೆ ಹೋಗ್ತಾ ಬರ್ತಾ ಬಸ್ಸಲ್ಲಿ ಕೇಳ್ತಾಳೆ, ಅದು ಓದಿದ ಹಾಗಾ ಅಲ್ವಾ ಅಂತ. ನಾನು ಲೆಕ್ಕಕ್ಕೆ ತಗೊಂಡಿದೀನಿ, ಎಷ್ಟನೇ ನಿಮಿಷ ಅಂತ ಹಾಕಮ್ಮ ಅಂದಿದೀನಿ. ಅಂಕಲ್ ಮಾತ್ರ ಒಪ್ಪಿಲ್ಲ, "ಕೇಳಿದ್ರೆ ಪಾಸು, ಓದಿದ್ರೆ ಟಿಕೆಟ್ಟು, ಎರಡೂ ಒಂದೇ ಹೆಂಗಾಗುತ್ತೆ" ಅಂತಾರೆ. ಅದಕ್ಕೆ ಅವಳು, "ಬಸ್ಸಲ್ಲಿ ಇಬ್ರೂ ಇಳಿಯೋದು ಒಂದೇ ಸ್ಟಾಪಲ್ಲಿ ತಾನೇ ಅಂಕಲ್" ಅಂತ ಹಾಕಿದಾಳೆ, ಬ್ಲೂ ಟಿಕ್ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.