ಪವರ್‌ಪಾಯಿಂಟ್ ಬಾಣ ತಿದ್ದುವುದು: ಹಳದಿ ಚುಕ್ಕೆ ಮೊದಲು, ಎಡಿಟ್ ಪಾಯಿಂಟ್ಸ್ ಕೊನೆಗೆ

ಇನ್ಸರ್ಟ್ ಟ್ಯಾಬಿನ ಶೇಪ್ಸ್ ತೆರೆದರೆ ಎರಡು ಬಗೆಯ ಬಾಣ ಸಿಗುತ್ತವೆ. ‘ಲೈನ್ಸ್’ ಕೆಳಗಿರುವುದು ಮೊನೆಯಿರುವ ಬರೀ ಗೆರೆ. ‘ಬ್ಲಾಕ್ ಆರೋಸ್’ ಕೆಳಗಿರುವುದು ಬಣ್ಣ ತುಂಬಿ, ಒಳಗೆ ಬರೆಯಬಹುದಾದ ದಪ್ಪ ಬಾಣ. ತಿದ್ದುವ ರೀತಿ ಎರಡಕ್ಕೂ ಬೇರೆ.

ದಪ್ಪ ಬಾಣದಲ್ಲಿ ‘ರೈಟ್ ಆರೋ’ ತೆಗೆದುಕೊಳ್ಳಿ. ಆಯ್ಕೆ ಮಾಡಿದ ಕೂಡಲೇ ಬಿಳಿ ಚುಕ್ಕೆಗಳ ನಡುವೆ ಎರಡು ಹಳದಿ ಚುಕ್ಕೆ ಕಾಣುತ್ತವೆ. ಬಾಲದ ಬಳಿ ಇರುವುದನ್ನು ಮೇಲೆ ಕೆಳಗೆ ಎಳೆದರೆ ದಂಡದ ದಪ್ಪ ಬದಲಾಗುತ್ತದೆ; ಮೊನೆಯ ಬುಡದಲ್ಲಿರುವುದನ್ನು ಅಡ್ಡಕ್ಕೆ ಎಳೆದರೆ ಮೊನೆಯ ಉದ್ದ. ಶುರುವಿನಲ್ಲಿ ದಂಡ ಬಾಣದ ಎತ್ತರದ ಅರ್ಧ ಇರುತ್ತದೆ. ಮೊನೆಯ ಉದ್ದವೋ, ಇಡೀ ಬಾಣದ ಅಗಲ, ಎತ್ತರಗಳಲ್ಲಿ ಯಾವುದು ಚಿಕ್ಕದೋ ಅದರ ಅರ್ಧ. ಹಾಗಾಗಿ ಬಾಣವನ್ನು ಉದ್ದಕ್ಕೆ ಎಷ್ಟು ಎಳೆದರೂ ಮೊನೆ ಕೆಡದು, ಎತ್ತರ ಹೆಚ್ಚಿಸಿದರೆ ಮಾತ್ರ ಊದಿಕೊಳ್ಳುತ್ತದೆ.

ಬಾಲ ಬಾಗಿಸಬೇಕು, ಒಂದು ಮೂಲೆ ಚೂಪಾಗಬೇಕು ಎಂದಾಗ ಶೇಪ್ ಫಾರ್ಮ್ಯಾಟ್ ಟ್ಯಾಬಿನಲ್ಲಿ ಎಡಿಟ್ ಶೇಪ್, ಅಲ್ಲಿಂದ ಎಡಿಟ್ ಪಾಯಿಂಟ್ಸ್‌ಗೆ ಹೋಗಿ. ಕಪ್ಪು ಚುಕ್ಕೆ ಎಳೆದು ಮೂಲೆ ಸರಿಸಿ. ಅಂಚಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕರ್ವ್ಡ್ ಸೆಗ್ಮೆಂಟ್’ ಕೊಟ್ಟರೆ ಆ ಅಂಚು ಬಾಗುತ್ತದೆ. ಆದರೆ ಒಂದು ಚುಕ್ಕೆ ಸರಿಸಿದರೂ ಸಾಕು, ಹಳದಿ ಚುಕ್ಕೆಗಳು ಮಾಯ. ಆಮೇಲೆ ಉದ್ದ ಹೆಚ್ಚಿಸಿದರೆ ಮೊನೆಯೂ ಜೊತೆಗೇ ಹಿಗ್ಗುತ್ತದೆ. ಅಳತೆಯನ್ನೆಲ್ಲ ಪಕ್ಕಾ ಮಾಡಿಕೊಂಡು, ಮೂಲ ಬಾಣದ ಒಂದು ಪ್ರತಿಯನ್ನು ಕಂಟ್ರೋಲ್+ಡಿ ಒತ್ತಿ ಇಟ್ಟುಕೊಂಡೇ ಇದಕ್ಕೆ ಕೈಹಾಕಿ. ಹಲವು ಬಾಣ ಒಂದೇ ಥರ ಬೇಕಿದ್ದರೂ ಹೀಗೆ ಪ್ರತಿ ಮಾಡುವುದೇ ದಾರಿ. ಫಾರ್ಮ್ಯಾಟ್ ಪೇಂಟರ್ ಬಣ್ಣ, ಗೆರೆಗಳನ್ನು ಒಯ್ಯುತ್ತದೆ, ಹಳದಿ ಚುಕ್ಕೆಯ ಅಳತೆಯನ್ನಲ್ಲ.

ಬಾಣದೊಳಗೆ ಕನ್ನಡ ಬರೆಯುವವರು ದಂಡವನ್ನು ಸ್ವಲ್ಪ ದಪ್ಪವೇ ಇಡಬೇಕು. ಅಕ್ಷರಕ್ಕೆ ಸಿಗುವ ಎತ್ತರ ದಂಡದಷ್ಟೇ. ‘ವ್ಯವಸ್ಥೆ’ಯಂಥ ಪದದ ಒತ್ತಕ್ಷರ ಬಣ್ಣದಿಂದ ಕೆಳಗೆ ಜಾರಿ ಬಿಳಿ ಹಿನ್ನೆಲೆಗೆ ಬೀಳುತ್ತದೆ. ಬಾಣದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುವ ಫಾರ್ಮ್ಯಾಟ್ ಶೇಪ್‌ನ ಟೆಕ್ಸ್ಟ್ ಬಾಕ್ಸ್‌ನಲ್ಲಿ ಮೇಲಿನ, ಕೆಳಗಿನ ಮಾರ್ಜಿನ್ 0 ಮಾಡಿದರೆ ತುಸು ಜಾಗ ಸಿಗುತ್ತದೆ. ಬಾಣ ಎಡಕ್ಕೆ ತಿರುಗಬೇಕಿದ್ದರೆ 180 ಡಿಗ್ರಿ ತಿರುಗಿಸಬೇಡಿ, ಅಕ್ಷರ ತಲೆಕೆಳಗಾಗುತ್ತದೆ. ‘ಫ್ಲಿಪ್ ಹಾರಿಜಾಂಟಲ್’ ಬಳಸಿ.

ನೇರ ಗೆರೆ ಬಾಣಕ್ಕೆ ಹಳದಿ ಚುಕ್ಕೆ ಇಲ್ಲ. ಫಾರ್ಮ್ಯಾಟ್ ಶೇಪ್‌ನ ಲೈನ್ ವಿಭಾಗದಲ್ಲಿ ‘ಎಂಡ್ ಆರೋ ಟೈಪ್’ ಮೊನೆಯ ಆಕಾರ ಕೊಡುತ್ತದೆ, ‘ಎಂಡ್ ಆರೋ ಸೈಜ್’ 9 ಅಳತೆಗಳನ್ನು. ಮೊನೆ ಗೆರೆಯ ದಪ್ಪಕ್ಕೆ ತಕ್ಕಂತೆ ಬೆಳೆಯುವುದರಿಂದ ವಿಡ್ತ್ ಮೊದಲು ಹಾಕಿ, ಪ್ರೊಜೆಕ್ಟರಿಗೆ 2.25 ಪಾಯಿಂಟ್‌ಗಿಂತ ಕಡಿಮೆ ಬೇಡ. ಮೆಚ್ಚಿದ ಗೆರೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಟ್ ಆ್ಯಸ್ ಡಿಫಾಲ್ಟ್ ಲೈನ್’ ಕೊಟ್ಟರೆ, ಆ ಕಡತದಲ್ಲಿ ಮುಂದೆ ಎಳೆಯುವ ಗೆರೆಗಳೆಲ್ಲ ಹಾಗೇ ಬರುತ್ತವೆ.